ತಪಾಸಣೆ ತಾತ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಸೂಜಿ ಎನ್ನುತ್ತಿದ್ದರು, ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಪ್ರೀತಿ. ಸಣ್ಣಪುಟ್ಟ ಕ್ಲಿನಿಕ್ಕುಗಳಿಗೆ ಹೋಗಿ, ಅಲ್ಲಿ ರೋಗಿಗಳಿಗೆ ಸಿಗುವ ಚಿಕಿತ್ಸೆ ಸರಿಯಾಗಿದೆಯೇ, ಸುರಕ್ಷಿತವಾಗಿದೆಯೇ ಎಂದು ನೋಡಿ ವರದಿ ಕೊಡುವುದು ಅವಳ ಕೆಲಸ. ಮೊದಲು ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಯಾರು ಏನನ್ನು ಎಲ್ಲಿ ಬಚ್ಚಿಡುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಲಸಿಕೆಯ ಫ್ರಿಜ್ಜಿನಲ್ಲಿ ಊಟದ ಡಬ್ಬಿ ಇಟ್ಟವರು, ಅವಧಿ ಮುಗಿದ ಔಷಧಿಯನ್ನು ಮಂಚದಡಿ ತಳ್ಳಿದವರು, ಯಾರೂ ಅವಳ ಕಣ್ಣು ತಪ್ಪಿಸಿಕೊಂಡಿರಲಿಲ್ಲ. ಒಂದು ಕಡೆ ಕೈತೊಳೆಯುವ ಜಾಗದಲ್ಲಿ ಹೊಸ ಸೋಪು ನೋಡಿ, "ಇದರ ಮೇಲಿನ ಹೆಸರು ಇನ್ನೂ ಅಳಿಸೇ ಇಲ್ವಲ್ಲ, ನಮಗೋಸ್ಕರ ತಂದಿದ್ದಾ?" ಎಂದು ಕೇಳಿ ಡಾಕ್ಟರನ್ನೇ ಬೆವರಿಳಿಸಿದ್ದಳು. ಆ ಕಥೆಯನ್ನು ಕಚೇರಿಯವರು ಈಗಲೂ ಹೇಳಿಕೊಂಡು ನಗುತ್ತಿದ್ದರು.

ಆ ದಿನ ಹೋಗಬೇಕಾಗಿದ್ದ ಕ್ಲಿನಿಕ್ಕು ಅವಳ ತಮ್ಮನ ಮನೆಗೆ ಹತ್ತಿರ. ಅಪ್ಪ ತಮ್ಮನ ಜೊತೆ ಇದ್ದ. ಮಂಡಿ ನೋವಿಗೂ ರಕ್ತದೊತ್ತಡಕ್ಕೂ ಅಲ್ಲಿಗೇ ಹೋಗುತ್ತಿದ್ದ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಪಾಸಣೆಗೆ ಹೋಗುವ ಕಡೆ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕಚೇರಿಯಲ್ಲಿ ಕೇಳುವ ಪದ್ಧತಿ ಇತ್ತು. ಅವಳು ಇಲ್ಲ ಎಂದಿದ್ದಳು. ಅಪ್ಪ ಅಲ್ಲಿ ಕೆಲಸಕ್ಕಿಲ್ಲವಲ್ಲ, ಬರೀ ರೋಗಿ, ಆ ಬಡಾವಣೆಯ ಅರ್ಧ ಜನ ಅಲ್ಲಿಯ ರೋಗಿಗಳೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಜೊತೆಗೆ ತಂಡದ ಮುಖ್ಯಸ್ಥರಾದ ಹಿರಿಯ ಡಾಕ್ಟರು ಬಂದಿದ್ದರು. ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ ಎನ್ನುವ ಮನುಷ್ಯ. ಕ್ಲಿನಿಕ್ಕಿನ ಒಂದು ಬದಿಗೆ ಬಟ್ಟೆ ಒಗೆಯುವ ಅಂಗಡಿ, ಇನ್ನೊಂದು ಬದಿಗೆ ಬೀಗದ ಕೈ ಮಾಡುವವನ ಗೂಡು. ಒಳಗೆ ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳು, ಎದುರಿಗೆ ಕೌಂಟರು, ಅದರ ಪಕ್ಕದಲ್ಲಿ ಡಾಕ್ಟರಮ್ಮನ ಕೋಣೆ. ಅವಳು ಎಂದಿನಂತೆ ಮೂಲೆ ಮೂಲೆಗೂ ಮೂಗು ತೂರಿಸಿದಳು. ಫ್ರಿಜ್ಜಿನ ತಾಪಮಾನ ಸರಿಯಿತ್ತು. ತುರ್ತು ಚಿಕಿತ್ಸೆಯ ಚೀಲದಲ್ಲಿ ಎಲ್ಲವೂ ಇತ್ತು, ಯಾವುದರ ಅವಧಿಯೂ ಮುಗಿದಿರಲಿಲ್ಲ. ಆಮ್ಲಜನಕದ ಸಿಲಿಂಡರು ತುಂಬಿತ್ತು. ಬಳಸಿದ ಸೂಜಿಗಳನ್ನು ಹಾಕುವ ಡಬ್ಬಿ ಮಾತ್ರ ಗೆರೆ ದಾಟಿ ತುಂಬಿದ್ದನ್ನು ಕಂಡಾಗ ಅವಳಿಗೆ ಒಂಥರಾ ನೆಮ್ಮದಿಯಾಯಿತು. ಏನೂ ಸಿಗದೆ ವಾಪಸು ಹೋದರೆ ಹೆಸರಿಗೆ ಕುಂದಲ್ಲವೇ!

ಉಳಿದದ್ದು ಕೆಲಸದವರ ಜೊತೆ ಒಬ್ಬೊಬ್ಬರಾಗಿ ಮಾತಾಡುವುದು. ಇಂಜೆಕ್ಷನ್ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಕೌಂಟರಿನಲ್ಲಿ ಕೂರುವ ಹೆಂಗಸನ್ನು ಕರೆದಳು. ಬಡಾವಣೆಯವರಿಗೆಲ್ಲ ಆಕೆ ಕೌಂಟರಕ್ಕ. ನಡುವಯಸ್ಸಿನವಳು, ಕೂತ ಕುರ್ಚಿಯ ಅಂಚಿನಲ್ಲೇ ಕೂತಿದ್ದಳು, ಯಾವ ಕ್ಷಣಕ್ಕಾದರೂ ಎದ್ದೇಳಲು ತಯಾರಾದ ಹಾಗೆ.

ಸೂಜಿ ಕೇಳಬೇಕಾದ್ದೆಲ್ಲ ಕೇಳಿ, ಕೊನೆಗೆ ಎಲ್ಲ ಕಡೆ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಇಲ್ಲಿ ಕೆಲಸ ಮಾಡುವಾಗ ನಿಮಗೆ ಹೆದರಿಕೆ ಆಗೋ ಅಂಥದ್ದು ಏನಾದ್ರೂ ಇದೆಯಾ? ಧೈರ್ಯವಾಗಿ ಹೇಳಿ. ನಿಮ್ಮ ಹೆಸರು ಹೊರಗೆ ಬರಲ್ಲ."

ಕೌಂಟರಕ್ಕ ಸೆರಗಿನ ತುದಿ ತಿರುವಿದಳು. ಆಮೇಲೆ ಸಣ್ಣಗೆ ನಕ್ಕಳು.

"ನೀವು ನಗಬಾರದು ಮೇಡಂ. ಇಲ್ಲಿಗೆ ಒಬ್ರು ವಯಸ್ಸಾದವರು ಬರ್ತಾರೆ. ನಾವು ಅವರಿಗೆ ತಪಾಸಣೆ ತಾತ ಅಂತ ಹೆಸರಿಟ್ಟಿದ್ದೀವಿ."

"ಯಾಕೆ?"

"ಅವರ ಮಗಳು ನಿಮ್ಮ ಕಚೇರೀಲಿ ಇದ್ದಾರಂತೆ. ಬಂದ ತಕ್ಷಣ ಅದೇ ಮಾತು. ನನ್ನ ಮಗಳು ಒಂದು ಮಾತು ಹೇಳಿದ್ರೆ ನಿಮ್ಮ ಬಾಗಿಲಿಗೆ ಬೀಗ ಬೀಳುತ್ತೆ ಗೊತ್ತಾ ಅಂತಾರೆ. ಎಷ್ಟು ಜನ ಕೂತಿದ್ರೂ ಅವರನ್ನ ಮೊದಲು ಒಳಗೆ ಬಿಡಬೇಕು. ಮೊದಮೊದಲು ನಮಗೂ ತಮಾಷೆ ಅನ್ನಿಸ್ತಿತ್ತು."

ಸೂಜಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಅವಳು ತಲೆ ಎತ್ತಲಿಲ್ಲ.

ಕೌಂಟರಕ್ಕನ ನಗು ಅಷ್ಟಕ್ಕೇ ಆರಿತು. "ಹೋದ ಬೇಸಿಗೇಲಿ ಒಬ್ಬ ಬಸ್ ಡ್ರೈವರ್ ಬಂದ್ರು ಮೇಡಂ. ಹಾಕಿದ್ದ ಅಂಗಿ ಪೂರ್ತಿ ಒದ್ದೆ. ಎದೆ ಹಿಡಿದ ಹಾಗಾಗ್ತಿದೆ ಅಂದ್ರು. ನಂಗೆ ನೋಡಿದ ಕೂಡ್ಲೇ ಗೊತ್ತಾಯ್ತು, ಇವರನ್ನ ಕಾಯಿಸಬಾರದು ಅಂತ. ಒಳಗಿರೋರು ಹೊರಗೆ ಬಂದ ತಕ್ಷಣ ನೀವೇ ಹೋಗಿ ಅಂದೆ. ಅಷ್ಟರಲ್ಲಿ ತಾತ ಬಂದ್ರು. ನಿದ್ದೆ ಮಾತ್ರೆ ನಿಲ್ಲಿಸಿದ್ದಕ್ಕೆ ಅವರಿಗೆ ಡಾಕ್ಟರಮ್ಮನ ಮೇಲೆ ಸಿಟ್ಟು. ಕೌಂಟರ್ ಗುದ್ದಿ ಗಲಾಟೆ ಮಾಡಿದ್ರು. ಬಾಗಿಲು ತೆಗೆದಿದ್ದೇ ನುಗ್ಗಿಬಿಟ್ರು."

"ಆಮೇಲೆ?"

"ಅವರು ಒಳಗೆ ಜಗಳ ಆಡ್ತಾನೇ ಇದ್ರು. ನಾನು ಬಾಗಿಲು ತಟ್ಟಬೇಕಿತ್ತು. ಎರಡು ಸಲ ಬಾಗಿಲವರೆಗೂ ಹೋದೆ ಮೇಡಂ. ತಟ್ಟಲಿಲ್ಲ. ತಾತ ಮಗಳಿಗೆ ಹೇಳಿದ್ರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತೆ ಅಂತ ಹೆದರಿಕೆ. ಆ ಡ್ರೈವರ್ ಕೂತಲ್ಲೇ ಹಾಗೇ ಜಾರಿ ಕೆಳಗೆ ಬಿದ್ರು." ಆಕೆ ಕಣ್ಣೊರೆಸಿಕೊಂಡಳು. "ಡಾಕ್ಟರಮ್ಮ ಓಡಿ ಬಂದು ಏನೇನು ಮಾಡಬೇಕೋ ಎಲ್ಲ ಮಾಡಿದ್ರು. ಜೀವ ಉಳೀತು. ಆದ್ರೆ ಇನ್ನು ಬಸ್ ಓಡಿಸೋ ಹಾಗಿಲ್ವಂತೆ."

ಸೂಜಿ, ಇನ್ನೂ ಒಂದು ದಾರಿ ಉಳಿದಿದೆ ಎಂಬಂತೆ ಕೇಳಿದಳು: "ಆ ಮಗಳು ನಿಜವಾಗ್ಲೂ ಇದ್ದಾರಾ? ಸುಮ್ನೆ ಹೇಳ್ಕೊಂಡು ತಿರುಗ್ತಾರೋ ಏನೋ."

"ಇದ್ದಾರೆ ಮೇಡಂ. ಒಂದ್ಸಲ ಫೋನ್ ಮಾಡಿದ್ರು, ನಾನೇ ಎತ್ತಿದ್ದು. ಮುಂದಿನ ವಾರ ಕರ್ಕೊಂಡು ಬನ್ನಿ ಅಂದೆ. ನಾನು ತಪಾಸಣೆ ಕಚೇರಿಯಿಂದ ಮಾತಾಡ್ತಿರೋದು ಅಂದ್ರು, ಅಷ್ಟೆ. ಬೈಲಿಲ್ಲ ಪಾಪ, ಮೆತ್ತಗೇ ಹೇಳಿದ್ರು. ಈವತ್ತೇ ಸಂಜೆ ಬನ್ನಿ ಅಂದುಬಿಟ್ಟೆ."

ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ತಮ್ಮನ ಮನೆಯ ಹಾಲಿನಲ್ಲಿ ಅಪ್ಪ ಮಂಡಿ ಹಿಡಿದುಕೊಂಡು ಕೂತಿದ್ದ, ಅವಳಿಗೆ ಕಚೇರಿಗೆ ಹೊತ್ತಾಗುತ್ತಿತ್ತು. ಬೆದರಿಸಬೇಕೆಂದು ಹೇಳಿದ್ದಲ್ಲ, ಯಾರು ಮಾತಾಡುತ್ತಿರುವುದು ಎಂದು ತಿಳಿಸಿದ್ದು, ಅಷ್ಟೇ. ಹಾಗೆಂದೇ ಅಂದು ಅಂದುಕೊಂಡಿದ್ದಳು. ಆದರೆ ಆ ಕಡೆಯ ದನಿ ಒಮ್ಮೆಲೇ ಮೆತ್ತಗಾದದ್ದು ಕೇಳಿ ಮನಸ್ಸಿಗೆ ಹಿತವಾಗಿದ್ದು ಸುಳ್ಳಲ್ಲ. ಈಗ ಆ ದನಿ ಎದುರಿಗೇ ಕೂತು ಮೂಗು ಒರೆಸಿಕೊಳ್ಳುತ್ತಿತ್ತು.

"ಇದನ್ನ ಬರೀಬೇಡಿ ಮೇಡಂ," ಎಂದಳು ಕೌಂಟರಕ್ಕ. "ಹೇಳಿ ಮನಸ್ಸು ಹಗುರ ಆಯ್ತು. ಅಷ್ಟು ಸಾಕು."

"ಸರಿ, ಬರೆಯಲ್ಲ," ಎಂದಳು ಸೂಜಿ. ಎಷ್ಟು ಬೇಗ ಅಂದುಬಿಟ್ಟಳೆಂದರೆ, ಅವಳಿಗೇ ಆ ವೇಗ ಕಂಡು ಅಸಹ್ಯವಾಯಿತು.

ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಕಂಡದ್ದನ್ನು ಹೇಳುವ ಕ್ರಮ. ಡಾಕ್ಟರಮ್ಮನ ಕೋಣೆಯಲ್ಲಿ ಹಿರಿಯ ಡಾಕ್ಟರು ಮೊದಲು ಮೆಚ್ಚಬೇಕಾದ್ದನ್ನೆಲ್ಲ ಮೆಚ್ಚಿದರು. ಆಮೇಲೆ ಡ್ರೈವರನ ಪ್ರಸಂಗಕ್ಕೆ ಬಂದರು. ಕ್ಲಿನಿಕ್ಕಿನ ದಾಖಲೆಯಲ್ಲಿ ಅದನ್ನು ಓದಿ, ಅವತ್ತು ಏನಾಯಿತೆಂದು ಅವರು ಡಾಕ್ಟರಮ್ಮನನ್ನೇ ಕೇಳಿದ್ದರು. ಆಕೆ, ರೋಗಿ ಬಂದದ್ದು ತನಗೆ ತಿಳಿಯಲಿಲ್ಲ ಎಂದಷ್ಟೇ ಹೇಳಿದ್ದಳು.

"ಎದೆನೋವು ಅಂತ ಬಂದವನನ್ನ ಅಷ್ಟು ಹೊತ್ತು ಕೂರಿಸಿದ್ದು ದೊಡ್ಡ ತಪ್ಪು," ಎಂದರು ಅವರು. "ಇಲ್ಲಿ ಕೌಂಟರಿನಲ್ಲಿ ಇರೋರಿಗೆ ಯಾವುದು ತುರ್ತು ಅನ್ನೋದು ಗೊತ್ತಾಗಿಲ್ಲ. ಅವರಿಗೆ ತರಬೇತಿ ಬೇಕು. ಆ ಜಾಗಕ್ಕೆ ಅವರು ತಕ್ಕವರಾ ಅಂತಲೂ ನೀವು ಯೋಚನೆ ಮಾಡಬೇಕಾಗುತ್ತೆ."

ಕೌಂಟರಕ್ಕ ನೆಲ ನೋಡುತ್ತಿದ್ದಳು. ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದು, ತಪಾಸಣೆಯವರಿಬ್ಬರ ಮುಖವನ್ನೂ ನೋಡಿ, ಮತ್ತೆ ಮುಚ್ಚಿಕೊಂಡಳು. ಅವಳಿಗೂ ತಾತನ ವಿಷಯ ಗೊತ್ತಿತ್ತು. ಕಚೇರಿಯವರ ಎದುರಿಗೆ ಕಚೇರಿಯವರದೇ ಮನೆಯ ಮಾತು ಹೇಗೆ ಎತ್ತುವುದು?

"ತಪ್ಪಾಯ್ತು ಸಾರ್," ಎಂದಳು ಕೌಂಟರಕ್ಕ.

ಆ ಕ್ಷಣಕ್ಕೆ ಸೂಜಿ ಬಾಯಿ ಬಿಡಬೇಕಿತ್ತು. ಆದರೆ ಅವಳು ಚೀಲದ ಜಿಪ್ಪು ಎಳೆದಳು, ತಲೆಯಾಡಿಸಿದಳು, ಸೂಜಿಗಳ ಡಬ್ಬಿ ಗೆರೆ ದಾಟಿ ತುಂಬಿರುವುದನ್ನು ನೆನಪಿಸಿದಳು. ಡಬ್ಬಿ! ಆ ಮಾತು ತನ್ನ ಬಾಯಿಂದಲೇ ಬರುತ್ತಿರುವುದನ್ನು ಕೇಳಿಸಿಕೊಂಡು ಕೂತಳು.

ಕಾರು ಎರಡು ತಿರುವು ದಾಟಿದ ಮೇಲೆ ಅವಳ ಬಾಯಿ ಕಟ್ಟು ಬಿಚ್ಚಿತು.

"ಸಾರ್, ಆ ಹೆಂಗಸಿನ ತಪ್ಪಿಲ್ಲ. ಅವತ್ತು ಗಲಾಟೆ ಮಾಡಿ ಒಳಗೆ ನುಗ್ಗಿದ್ದು ನಮ್ಮಪ್ಪ. ನನ್ನ ಹೆಸರು ಹೇಳಿ ಹೆದರಿಸ್ತಿದ್ದ. ಅದಕ್ಕೆ ಮೊದಲು ಹೆದರಿಸಿದ್ದು ನಾನು."

ಹಿರಿಯ ಡಾಕ್ಟರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಅವಳು ಫೋನಿನ ಕಥೆಯಿಂದ ಹಿಡಿದು ಬರೆಯಲ್ಲ ಎಂದು ಮಾತು ಕೊಟ್ಟದ್ದರವರೆಗೆ ಎಲ್ಲ ಹೇಳಿದಳು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು.

"ನೀವು ಇದನ್ನ ನನಗೆ ಹೇಳಿ ಏನು ಪ್ರಯೋಜನ?" ಎಂದರು ಕೊನೆಗೆ. "ನಾನು ಬೈದದ್ದು ಆಯಮ್ಮನ್ನ." ಅವರು ಕಾರು ಹಿಂದಕ್ಕೆ ತಿರುಗಿಸಿದರು.

ಕ್ಲಿನಿಕ್ಕಿನಲ್ಲಿ ಕೌಂಟರಕ್ಕ ಕುರ್ಚಿ ಒರೆಸುತ್ತಿದ್ದಳು. ಇವರನ್ನು ಕಂಡು ಬಟ್ಟೆ ಬೆನ್ನ ಹಿಂದೆ ಮರೆಮಾಡಿ ನಿಂತಳು. ಡಾಕ್ಟರಮ್ಮ ಬಾಗಿಲಿಗೆ ಬಂದಳು. ಸೂಜಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟವು.

"ನೀವು ಹೇಳಿದ ತಾತ ನಮ್ಮಪ್ಪ," ಎಂದಳು. "ಫೋನ್ ಮಾಡಿದ್ದು ನಾನೇ. ನನ್ನನ್ನ ಕ್ಷಮಿಸಿ."

ಕೌಂಟರಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ದೇವರೇ. ನಂಗೆ ಗೊತ್ತಿರಲಿಲ್ಲ ಮೇಡಂ. ತಾತ ಅಂತ ಅಂದಿದ್ದು ತಮಾಷೆಗೆ. ದೊಡ್ಡವರು ಅವರು, ನಾನು ಹಾಗೆ ಅನ್ನಬಾರದಿತ್ತು. ನಮ್ಮ ಮನೇಲಿ ದುಡಿಯೋಳು ನಾನೊಬ್ಬಳೇ ಮೇಡಂ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ." ಆಕೆ ಕೈ ಮುಗಿದುಬಿಟ್ಟಳು, ಒದ್ದೆ ಬಟ್ಟೆಯ ಸಮೇತ.

"ನೀವಲ್ಲ, ಕ್ಷಮೆ ಕೇಳ್ತಿರೋದು ನಾನು," ಎಂದು ಸೂಜಿ ಮತ್ತೆ ಮತ್ತೆ ಹೇಳಿದಳು. ಹೇಳಿದಷ್ಟೂ ಆಕೆ ಹೆದರಿ ಕುಗ್ಗುತ್ತಿದ್ದಳು. ಕೊನೆಗೆ ಡಾಕ್ಟರಮ್ಮನೇ ಬಂದು ಆಕೆಯ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ತಿರುಗಿ, "ನಾನೂ ಅವತ್ತು ನಿಮ್ಮ ತಂದೇನ ಹೊರಗೆ ಕಳಿಸಬಹುದಿತ್ತು," ಎಂದಳು. "ನಾನೂ ಹೆದರಿದ್ದೆ. ನಿಮ್ಮ ಕಚೇರಿ ಅಂದ್ರೆ ನಮಗೆಲ್ಲ ಹಾಗೇ."

ಹಿರಿಯ ಡಾಕ್ಟರು ಅವಳನ್ನು ತಮ್ಮನ ಮನೆಯ ಬಾಗಿಲಲ್ಲಿ ಇಳಿಸಿದರು. ನಾಳೆಯಿಂದ ಯಾವ ತಪಾಸಣೆಗೂ ಬರುವುದು ಬೇಡ, ಮೇಲಿನವರಿಗೆ ನಾನೇ ತಿಳಿಸುತ್ತೇನೆ ಎಂದರು. ಅವಳು ತಲೆಯಾಡಿಸಿದಳು.

ಅಪ್ಪ ಟಿವಿ ಮುಂದೆ ಕೂತಿದ್ದ. ಮಗಳನ್ನು ಕಂಡದ್ದೇ ಮುಖ ಅರಳಿತು. "ಏನಮ್ಮಾ, ಹೋಗಿದ್ಯಂತೆ ನಮ್ಮ ಕ್ಲಿನಿಕ್ಕಿಗೆ? ಚೆನ್ನಾಗಿ ಬೆಂಡೆತ್ತಿದ್ಯಾ? ನನ್ನ ನಿದ್ದೆ ಮಾತ್ರೆ ವಿಷಯ ಹೇಳಿದ್ಯಾ?"

ಅವಳು ಟಿವಿ ಆರಿಸಿ ಎದುರಿಗೆ ಕೂತಳು. ಡ್ರೈವರನ ವಿಷಯ ಕೇಳಿದಳು.

"ಯಾವ ಡ್ರೈವರ್?" ಎಂದ ಅಪ್ಪ. ಆಮೇಲೆ, "ಅವನಾ? ಅವನಿಗೆ ಮೊದಲೇ ಏನೋ ಇತ್ತಂತೆ." ಆಮೇಲೆ, "ನಾನೇನು ಅವನ ಎದೆ ಹಿಸುಕಿದ್ನಾ?" ದನಿ ಏರುತ್ತಾ ಹೋಯಿತು. ಅಡುಗೆಮನೆಯಿಂದ ತಮ್ಮನ ಹೆಂಡತಿ ಇಣುಕಿ ನೋಡಿ ಒಳಗೆ ಸರಿದಳು.

"ಅಪ್ಪಾ, ನಿನ್ನಿಂದ ನಾನು ಇವತ್ತು ಅಲ್ಲಿ ತಲೆ ಎತ್ತೋಕಾಗಲಿಲ್ಲ."

"ನನ್ನಿಂದಾನಾ?" ಅಪ್ಪ ನೆಟ್ಟಗೆ ಕೂತ. "ಅವತ್ತು ನೀನು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಒಂದೇ ಒಂದು ಮಾತು ಹೇಳಿದೆ ನೀನು. ಕೆಲಸ ಆಗೋಯ್ತು. ನಿನ್ನ ಮುಖ ಹೇಗಿತ್ತು ಗೊತ್ತಾ? ನಂಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ?" ಅವನು ಮಂಡಿ ನೀವಿಕೊಂಡ. "ಜೀವಮಾನವೆಲ್ಲ ಆ ದೊಡ್ಡ ಕಟ್ಟಡದ ಲಿಫ್ಟಿನಲ್ಲಿ ನಿಂತು ಬಾಗಿಲು ತೆಗೆದೆ ಕಣೇ. ಬನ್ನಿ ಸಾರ್, ನೀವು ಮೊದಲು ಸಾರ್. ಒಬ್ಬನೂ ನನ್ನ ಮುಖ ನೋಡಲಿಲ್ಲ. ಇಲ್ಲಿ ನಾನು ಒಳಗೆ ಬಂದ್ರೆ ಎಲ್ರೂ ತಿರುಗಿ ನೋಡ್ತಾರೆ. ಆಯಮ್ಮ ಎದ್ದು ನಿಲ್ತಾಳೆ. ಅದೊಂದು ರುಚಿ ಹತ್ತಿಬಿಡ್ತು."

ಆ ರುಚಿ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಅಪ್ಪನಿಗಿಂತ ಹೆಚ್ಚಾಗಿಯೇ ಗೊತ್ತಿತ್ತು.

"ಅವನಿಗೆ ಈಗ ಕೆಲಸ ಇಲ್ವಂತೆ ಅಪ್ಪಾ," ಎಂದಳು.

ಅಪ್ಪ ಆರಿದ ಟಿವಿಯನ್ನೇ ನೋಡುತ್ತಾ ಕೂತ. ಆಮೇಲೆ, "ಬಿದ್ದಿದ್ದನ್ನ ನಾನು ನೋಡಿದೆ," ಎಂದ. "ಒಳಗಿಂದ ಹೊರಗೆ ಬಂದೆ. ಅವನು ಕೆಳಗೆ ಬಿದ್ದಿದ್ದ. ಎಲ್ರೂ ಅವನ ಸುತ್ತ ಇದ್ರು. ನಾನು ಗೋಡೆ ಪಕ್ಕ ಹಿಡ್ಕೊಂಡು ಹೊರಟು ಬಂದೆ."

ಆ ವಾರ ಇಬ್ಬರೂ ಡ್ರೈವರನ ಮನೆಗೆ ಹೋದರು. ವಿಳಾಸ ಕೊಟ್ಟವನು ಬೀಗದ ಕೈಯವನು. ಆ ಬೀದಿಯಲ್ಲಿ ಅವನಿಗೆ ಗೊತ್ತಿಲ್ಲದ ಬಾಗಿಲಿಲ್ಲ. ಅದು ಮೂರನೆಯ ಮಹಡಿಯ ಪುಟ್ಟ ಮನೆ. ಅಪ್ಪ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ, ಅವಳು ತೋಳು ಕೊಡಲು ಹೋದರೆ ಬೇಡವೆಂದ. ಎದೆನೋವಿನ ಮನುಷ್ಯ ದಿನಾ ಇದನ್ನು ಹೇಗೆ ಹತ್ತುತ್ತಾನೋ ಎಂದು ಅವಳು ಯೋಚಿಸುತ್ತಿದ್ದಳು. ಹತ್ತುವುದೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಅವನು ಕೆಳಗಿಳಿದು ವಾರಗಳೇ ಆಗಿದ್ದವು.

ಬಾಗಿಲು ತೆಗೆದದ್ದು ಹೆಂಡತಿ. ಡ್ರೈವರ್ ಕಿಟಕಿಯ ಬಳಿ ಕೂತಿದ್ದ, ಕೆಳಗೆ ಹೋಗುವ ಬಸ್ಸುಗಳು ಅಲ್ಲಿಂದ ಕಾಣುತ್ತಿದ್ದವು. ಅಗಲ ಭುಜದ, ಈಗ ಅಂಗಿ ಸಡಿಲವಾದ ಮನುಷ್ಯ. ಅಪ್ಪನನ್ನು ಕಂಡು ಗುರುತು ಹಿಡಿದು ನಕ್ಕ.

"ಬನ್ನಿ ಯಜಮಾನರೇ. ನಿಮ್ಮ ಮಂಡಿ ಹೇಗಿದೆ?"

ಅಪ್ಪ ಬಾಗಿಲಲ್ಲೇ ನಿಂತ. "ಅವತ್ತು ನಿನ್ನ ಸರದಿ ನಾನು ಕಿತ್ಕೊಂಡೆ," ಎಂದ.

"ಅಯ್ಯೋ, ಅದೆಲ್ಲ ಯಾಕೆ ಈಗ. ವಯಸ್ಸಾದವರು, ಹೋಗಲಿ ಅಂತ ನಾನೇ ಬಿಟ್ಟೆ. ನಾನು ಎದ್ದು ದಾರಿ ಕೊಡಲಿಲ್ವಾ?"

ಅಪ್ಪನಿಗೆ ಅಷ್ಟು ಸಾಕಿತ್ತು. ಹೌದು ಎಂದು ತಲೆಯಾಡಿಸಿ, ಕುಶಲ ಕೇಳಿ, ಇಳಿದು ಬರಬಹುದಿತ್ತು. ಅವನ ಮುಖದಲ್ಲಿ ಆ ಆಸೆ ಬಂದು ಹೋದದ್ದನ್ನು ಮಗಳು ಕಂಡಳು. ತಾನು ಚೀಲದ ಜಿಪ್ಪು ಎಳೆದಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎನಿಸಿತು.

"ಇಲ್ಲಪ್ಪಾ," ಎಂದ ಅಪ್ಪ. "ನೀನು ಬಿಡಲಿಲ್ಲ. ನಾನು ನಿನ್ನ ತಳ್ಳಿದೆ. ಮೊಣಕೈಯಲ್ಲಿ ತಳ್ಳಿದೆ. ನೀನು ಎದೆ ಹಿಡ್ಕೊಂಡಿದ್ದು ನಂಗೆ ಕಾಣಿಸಿತ್ತು."

ಡ್ರೈವರನ ನಗು ನಿಂತಿತು. ಅವನು ಕಿಟಕಿಯ ಕಡೆ ತಿರುಗಿದ.

"ನಾನು ಇವರ ಮಗಳು," ಎಂದಳು ಅವಳು ಹೆಂಡತಿಯ ಕಡೆ ತಿರುಗಿ. "ಇವರು ಹೆದರಿಸ್ತಿದ್ದಿದ್ದು ನನ್ನ ಹೆಸರು ಹೇಳಿ. ಅದನ್ನ ಕಲಿಸಿದ್ದೂ ನಾನೇ. ನನ್ನಿಂದ ಏನಾದ್ರೂ ಆಗೋದಿದ್ರೆ..."

"ಏನಾಗ್ಬೇಕು?" ಎಂದಳು ಹೆಂಡತಿ. ಅಷ್ಟು ಹೊತ್ತಿನಿಂದ ಅವಳು ಕೂರಿ ಎಂದಿರಲಿಲ್ಲ. "ಇವರು ದಿನಾ ಹೇಳ್ತಿದ್ರು, ಅವತ್ತು ನಾನು ಒಬ್ಬ ಹಿರಿಯರಿಗೆ ಜಾಗ ಬಿಟ್ಟೆ ಅಂತ. ಅದೊಂದನ್ನ ಹೇಳ್ಕೊಂಡು ಸಮಾಧಾನ ಮಾಡ್ಕೊಳ್ತಿದ್ರು. ಈಗ ಅದೂ ಇಲ್ಲ. ಹೇಳಿದ್ದು ಆಯ್ತಲ್ಲ? ಇನ್ನು ಹೋಗಿ."

ಅವರು ಹೊರಟರು. ಬಾಗಿಲು ಜೋರಾಗಿ ಹಾಕಿಕೊಳ್ಳಲಿಲ್ಲ. ಮೆಲ್ಲಗೆ, ಒಳಗಿನವನಿಗೆ ಸದ್ದಾಗಬಾರದೆಂಬಂತೆ ಹಾಕಿಕೊಂಡಿತು.

ಮುಂದೆ ಆದದ್ದನ್ನು ಹೇಳುವುದಾದರೆ, ಬೇರೆ ತಂಡ ಹೋಗಿ ಆ ಕ್ಲಿನಿಕ್ಕಿನ ತಪಾಸಣೆಯನ್ನು ಮೊದಲಿನಿಂದ ಮಾಡಿತು. ಕೌಂಟರಕ್ಕನ ಕೆಲಸ ಉಳಿಯಿತು. ಎದೆನೋವಿನವರು ಬಂದರೆ ಒಳಗೆ ಯಾರೇ ಇರಲಿ ಬಾಗಿಲು ತಟ್ಟಬೇಕು ಎಂದು ಡಾಕ್ಟರಮ್ಮ ಎಲ್ಲರ ಎದುರೂ ಅವಳಿಗೆ ಅಧಿಕಾರ ಕೊಟ್ಟಳು. ಸೂಜಿಯನ್ನು ತಪಾಸಣೆಯಿಂದ ತೆಗೆದು ಕಚೇರಿಯೊಳಗಿನ ಕೆಲಸಕ್ಕೆ ಹಾಕಿದರು. ಸೋಪಿನ ಕಥೆಯನ್ನು ಅವಳ ಎದುರಿಗೆ ಯಾರೂ ಹೇಳುವುದಿಲ್ಲ. ತಪಾಸಣೆಗೆ ವಾಪಸು ತೆಗೆದುಕೊಳ್ಳಿ ಎಂದು ಅವಳೂ ಕೇಳಲು ಹೋಗಿಲ್ಲ. ಡ್ರೈವರನ ಮನೆಗೆ ಮತ್ತೆ ಹೋಗುವ ಧೈರ್ಯ ಇಬ್ಬರಿಗೂ ಬಂದಿಲ್ಲ.

ಆ ದಿನ ಮೆಟ್ಟಿಲಿಳಿಯುವಾಗ ಅಪ್ಪ ನಡುವೆ ಒಂದು ಕಡೆ ಕಂಬಿ ಹಿಡಿದು ನಿಂತ.

"ನಾವು ಹೋಗಬಾರದಿತ್ತಾ?" ಎಂದು ಕೇಳಿದ.

"ಗೊತ್ತಿಲ್ಲ ಅಪ್ಪಾ."

"ಸುಮ್ನೆ ಹೌದು ಅಂದಿದ್ರೆ ಅವನಿಗೆ ಒಳ್ಳೇದಾಗ್ತಿತ್ತಾ?"

ಮೇಲಿನ ಮಹಡಿಯಿಂದ ಯಾರೋ ಬಕೆಟ್ಟು ಹಿಡಿದುಕೊಂಡು ಇಳಿದು ಬರುತ್ತಿದ್ದರು. ಅಪ್ಪ ಮಗಳಿಬ್ಬರೂ ಗೋಡೆಗೆ ಒತ್ತಿಕೊಂಡು, ಅವರ ಮುಖ ನೋಡದೆ, ದಾರಿ ಬಿಟ್ಟು ನಿಂತರು.